ನಿವೃತ್ತಿಯ ನಂತರ ಆನ್‌ಲೈನ್ ಕನ್ನಡ ಪಾಠ: ಇಮೇಲ್ ಪಟ್ಟಿಯನ್ನು ಕೊಳ್ಳಬೇಕಾ, ಕಟ್ಟಬೇಕಾ?

ಮೇಷ್ಟ್ರು_62

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನ ಕನ್ನಡ ಮೇಷ್ಟ್ರು, ಈಗ ನಿವೃತ್ತ. ಪಿಂಚಣಿ ಬರುತ್ತದೆ. ಅದರ ಮೇಲೆ ತಿಂಗಳಿಗೆ 12–15 ಸಾವಿರ ಆದರೆ ಅನುಕೂಲ. ವಿದೇಶದಲ್ಲಿರುವ ಕನ್ನಡಿಗರ ಮಕ್ಕಳಿಗೆ ಮಾತಾಡುವ ಕನ್ನಡ ಕಲಿಸಬೇಕು, ಅದಕ್ಕೆ ಇಮೇಲ್ ಮೂಲಕ ಜನರನ್ನು ತಲುಪಬೇಕು ಎಂಬ ಯೋಚನೆ ಇದೆ.

ಕೇಳಬೇಕಾದ್ದು ಇಷ್ಟು:

1. ‘ವಿದೇಶಿ ಭಾರತೀಯರ 1 ಲಕ್ಷ ಇಮೇಲ್ ವಿಳಾಸ ಬರೀ 999 ರೂಪಾಯಿಗೆ’ ಎಂಬ ಜಾಹೀರಾತು ಕಾಣಿಸುತ್ತಿದೆ. ಕೊಳ್ಳಬಹುದೇ?
2. ನನ್ನ ಜಿಮೇಲಿನಲ್ಲಿ ಹಳೆ ವಿದ್ಯಾರ್ಥಿಗಳು, ಪರಿಚಯದವರು ಸೇರಿ ಸುಮಾರು 140 ವಿಳಾಸಗಳಿವೆ. ಎಲ್ಲರಿಗೂ ಒಟ್ಟಿಗೇ ಕಳುಹಿಸಿದರೆ ತಪ್ಪೇ?
3. ಶುರುವಿನ ಖರ್ಚು ಎಷ್ಟು? 5,000 ರೂಪಾಯಿಯ ಮೇಲೆ ಹಾಕುವ ಮನಸ್ಸಿಲ್ಲ.
4. ಬರುವ ಹಣಕ್ಕೆ ತೆರಿಗೆ ಹೇಗೆ?

ಟೈಪಿಂಗ್ ‘ನುಡಿ’ ತಂತ್ರಾಂಶದಲ್ಲಿ ಚೆನ್ನಾಗಿ ಬರುತ್ತದೆ.

---

ತಂತಿತಪಾಲು

ಮೇಷ್ಟ್ರೇ, ಮೊದಲನೆಯ ಪ್ರಶ್ನೆಗೆ ಉತ್ತರ: ದಯವಿಟ್ಟು ಕೊಳ್ಳಬೇಡಿ. 999 ರೂಪಾಯಿ ಹೋದರೆ ಹೋಯಿತು ಎನ್ನಬಹುದು, ಆದರೆ ನಿಮ್ಮ ಕಳುಹಿಸುವ ವಿಳಾಸಕ್ಕೆ ಬರುವ ಕೆಟ್ಟ ಹೆಸರು ಸುಲಭಕ್ಕೆ ಹೋಗುವುದಿಲ್ಲ. ಅಂಥ ಪಟ್ಟಿಗಳಲ್ಲಿ ಮುಚ್ಚಿಹೋದ ವಿಳಾಸಗಳು ರಾಶಿ ಇರುತ್ತವೆ, ಅವಕ್ಕೆ ಹೋದ ಪತ್ರಗಳೆಲ್ಲ ವಾಪಸ್ ಬರುತ್ತವೆ. ಸ್ಪ್ಯಾಮ್ ಕಳುಹಿಸುವವರನ್ನು ಹಿಡಿಯಲೆಂದೇ ಬಿಟ್ಟಿರುವ ಬಲೆಯ ವಿಳಾಸಗಳೂ ಅದರೊಳಗೆ ಸೇರಿರುತ್ತವೆ. ಉಳಿದವರು ನಿಮ್ಮನ್ನು ಕೇಳಿದವರಲ್ಲ, ಕಂಡ ಕೂಡಲೇ ‘ಸ್ಪ್ಯಾಮ್’ ಒತ್ತುತ್ತಾರೆ.

ಆ ಒಂದು ಒತ್ತು ಎಷ್ಟು ಭಾರ ಎಂದು ನೋಡಿ. ಜಿಮೇಲ್‌ಗೆ ಪತ್ರ ಕಳುಹಿಸುವವರ ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು, ಶೇ. 0.1ರ ಒಳಗಿದ್ದರೆ ಕ್ಷೇಮ ಎಂಬುದು 2024ರ ಫೆಬ್ರವರಿಯಿಂದ ಗೂಗಲ್ ಜಾರಿಗೆ ತಂದ ನಿಯಮ. 200 ಜನರಿಗೆ ಕಳುಹಿಸಿ ಒಬ್ಬರು ಸ್ಪ್ಯಾಮ್ ಎಂದರೂ ಅದು ಶೇ. 0.5. ಚಿಕ್ಕ ಪಟ್ಟಿಯವರು ಇನ್ನೂ ಎಚ್ಚರವಾಗಿರಬೇಕು ಎನ್ನುವುದು ಇದಕ್ಕೇ.

ಎರಡನೆಯದು. 140 ಜನರನ್ನೂ ಬಿಸಿಸಿಗೆ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗ) ಹಾಕಿ ಒಟ್ಟಿಗೆ ಕಳುಹಿಸಬೇಡಿ. ಉಚಿತ ಜಿಮೇಲಿಗೆ ದಿನಕ್ಕೆ 500 ಜನರ ಮಿತಿ ಇದೆ, ಲೆಕ್ಕದಲ್ಲಿ ನೀವು ಅದರೊಳಗೇ ಇದ್ದೀರಿ. ಆದರೆ ಅದರಲ್ಲಿ ಪಟ್ಟಿಯಿಂದ ಹೊರಗೆ ಹೋಗುವ ಕೊಂಡಿ ಇರುವುದಿಲ್ಲ, ಬೇಡವಾದವರಿಗೆ ಸ್ಪ್ಯಾಮ್ ಒತ್ತುವುದೊಂದೇ ದಾರಿ. ದಿನಕ್ಕೆ ಹತ್ತು ಜನರಂತೆ ಎರಡು ವಾರ, ಒಬ್ಬೊಬ್ಬರಿಗೂ ಹೆಸರು ಹಿಡಿದು ನಾಲ್ಕು ಸಾಲು ಬರೆಯಿರಿ: ಇಂಥ ಪಾಠ ಶುರು ಮಾಡುತ್ತಿದ್ದೇನೆ, ವಾರಕ್ಕೊಂದು ಪತ್ರ ಬರೆಯುತ್ತೇನೆ, ಬೇಕಿದ್ದರೆ ಈ ಕೊಂಡಿ ಒತ್ತಿ, ನಿಮಗೆ ಬೇಡವಾದರೆ ಹೊರದೇಶದಲ್ಲಿರುವ ನಿಮ್ಮವರಿಗೆ ತಿಳಿಸಿ. ತಾವಾಗಿಯೇ ಹೆಸರು ಬರೆದವರು ಮಾತ್ರ ಪಟ್ಟಿಗೆ. 140ರಲ್ಲಿ 30 ಜನ ಸೇರಿದರೂ ಅದು ಗಟ್ಟಿ ಕಾಳು.

ಇನ್ನು ಸಲಕರಣೆ. ಸ್ವಂತ ಡೊಮೇನ್, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮದೇ ಆದ ಒಂದು ಹೆಸರು ಬೇಕು. ‘ಡಾಟ್ ಇನ್’ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಕೊಳ್ಳುವಾಗ ಮೊದಲ ವರ್ಷದ ಬೆಲೆ ನೋಡಬೇಡಿ, ನವೀಕರಣದ ಬೆಲೆ ನೋಡಿ. ಪಟ್ಟಿಯವರಿಗೆಲ್ಲ ಕಳುಹಿಸಲು ಬ್ರೆವೋದಂಥ ಆನ್‌ಲೈನ್ ಸೇವೆ ಸಾಕು, ಅದರ ಉಚಿತ ಯೋಜನೆಯಲ್ಲಿ ದಿನಕ್ಕೆ 300 ಪತ್ರ ಹೋಗುತ್ತವೆ. ಜಿಮೇಲ್ ವಿಳಾಸವನ್ನೇ ‘ಕಳುಹಿಸುವವರು’ ಎಂದು ಅಲ್ಲಿ ಹಾಕಬೇಡಿ. ಪತ್ರ ಬೇರೆಯವರ ಸರ್ವರಿನಿಂದ ಹೊರಟು ಜಿಮೇಲ್ ಹೆಸರು ಹೇಳಿಕೊಂಡರೆ ಅದನ್ನು ನಕಲಿ ಎಂದೇ ತಿಳಿಯುತ್ತಾರೆ. ಡೊಮೇನಿನ ವಿಳಾಸದಿಂದ ಕಳುಹಿಸಿ, ಉತ್ತರ ಮಾತ್ರ ನಿಮ್ಮ ಜಿಮೇಲಿಗೆ ಬರುವಂತೆ ಇಟ್ಟುಕೊಳ್ಳಿ.

ಡೊಮೇನ್ ಮಾರುವವರ ಪುಟದಲ್ಲಿ ‘ಡಿಎನ್ಎಸ್’ ಎಂಬ ಜಾಗಕ್ಕೆ ಮೂರು ದಾಖಲೆ ಸೇರಿಸಬೇಕು: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಈ ಡೊಮೇನಿನ ಪರವಾಗಿ ಯಾವ ಸರ್ವರ್ ಪತ್ರ ಕಳುಹಿಸಬಹುದು ಎಂದು ಹೇಳುವುದು ಎಸ್‌ಪಿಎಫ್. ಡಿಕಿಮ್ ಎಂದರೆ ಲಕೋಟೆಯ ಮೇಲಿನ ಅರಗಿನ ಮುದ್ರೆ ಇದ್ದ ಹಾಗೆ. ಇವೆರಡೂ ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕು ಎಂಬ ಸೂಚನೆ ಡಿಮಾರ್ಕ್‌ನದು. ನಕಲು ಮಾಡಬೇಕಾದ ಸಾಲುಗಳನ್ನು ಕಳುಹಿಸುವ ಸೇವೆಯವರೇ ಕೊಡುತ್ತಾರೆ. ಕೆಡುವುದು ಸಾಮಾನ್ಯವಾಗಿ ಎರಡೇ ಕಡೆ:

— ಡೊಮೇನಿಗೆ ಮೊದಲೇ ಒಂದು ಎಸ್‌ಪಿಎಫ್ ಇರುತ್ತದೆ, ಜನ ಎರಡನೆಯದನ್ನು ಸೇರಿಸಿಬಿಡುತ್ತಾರೆ. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಇದ್ದದ್ದರೊಳಗೇ ಹೊಸ ಸೇವೆಯ ಹೆಸರನ್ನು ಸೇರಿಸಿ.
— ಡಿಕಿಮ್ ದಾಖಲೆಯ ಹೆಸರಿನ ಜಾಗದಲ್ಲಿ ಪೂರ್ತಿ ಡೊಮೇನ್ ಅಂಟಿಸುತ್ತಾರೆ. ಹಲವು ಪುಟಗಳು ಡೊಮೇನನ್ನು ತಾವೇ ಕೊನೆಗೆ ಸೇರಿಸುವುದರಿಂದ ಅದು ಎರಡು ಸಲ ಬಂದು ದಾಖಲೆ ಸಿಗದೆ ಹೋಗುತ್ತದೆ.

ಡಿಮಾರ್ಕ್ ಅನ್ನು ಮೊದಲು ‘ನನ್’ (none, ಏನೂ ಮಾಡಬೇಡ) ಎಂಬ ಮೆತ್ತಗಿನ ಸ್ಥಿತಿಯಲ್ಲಿಡಿ. ಆಮೇಲೆ ನಿಮ್ಮ ಜಿಮೇಲಿಗೇ ಒಂದು ಪತ್ರ ಕಳುಹಿಸಿ, ಕಂಪ್ಯೂಟರಿನಲ್ಲಿ ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ನೋಡಿ. ಮೂರರ ಎದುರೂ ‘ಪಾಸ್’ ಎಂದಿರಬೇಕು. ಒಂದು ‘ಫೇಲ್’ ಇದ್ದರೂ ಜನರಿಗೆ ಕಳುಹಿಸಲು ಹೋಗಬೇಡಿ.

ನುಡಿ ವಿಚಾರ. ಹಳೆಯ ನುಡಿ, ಬರಹ ಅಕ್ಷರಶೈಲಿಯಲ್ಲಿ ಬರೆದದ್ದು ನಿಮ್ಮ ಪರದೆಯಲ್ಲಿ ಮಾತ್ರ ಕನ್ನಡ. ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿಯ ಹೊಸ ಆವೃತ್ತಿಯಲ್ಲೂ ಯುನಿಕೋಡ್ ಇದೆ, ಕೀಲಿಮಣೆಯ ಅಭ್ಯಾಸ ಬದಲಾಯಿಸಬೇಕಿಲ್ಲ. ಹಳೆ ಪಾಠಗಳನ್ನು ಪರಿವರ್ತಕದಲ್ಲಿ ಹಾಕಿ ತೆಗೆದರೆ ಅರ್ಕಾವತ್ತು ಜಾಗ ತಪ್ಪಿರಬಹುದು. ‘ಸೂರ್ಯ’, ‘ವರ್ಷ’, ‘ಕರ್ನಾಟಕ’ ಇಂಥ ಪದಗಳನ್ನು ಕಣ್ಣಿಟ್ಟು ನೋಡಿ.

---

ಸಹ್ಯಾದ್ರಿ_ತಪ್ಪಲು

ಸರ್, ಒಂದು ಅನುಮಾನ. ನಮ್ಮ ಜನ ಇಮೇಲ್ ಎಲ್ಲಿ ಓದುತ್ತಾರೆ? ವಾಟ್ಸ್ಆ್ಯಪ್ ಗುಂಪು ಮಾಡಿದರೆ ಇಷ್ಟೆಲ್ಲ ಎಸ್‌ಪಿಎಫ್, ಡಿಕಿಮ್ ತಾಪತ್ರಯವೇ ಇರುವುದಿಲ್ಲವಲ್ಲ?

---

ಅಕ್ಷರಮಾಲೆ

ಊರಲ್ಲಿರುವವರಿಗೆ ಪಾಠ ಹೇಳುವುದಾದರೆ ನಿಮ್ಮ ಮಾತು ಸರಿ, ವಾಟ್ಸ್ಆ್ಯಪ್ಪೇ ಸಾಕು. ಮೇಷ್ಟ್ರು ತಲುಪಬೇಕಾದವರು ಅಮೆರಿಕ, ಬ್ರಿಟನ್, ಸಿಂಗಪುರದಲ್ಲಿ ಕೆಲಸ ಮಾಡುವ ಅಪ್ಪ ಅಮ್ಮಂದಿರು. ಅವರಲ್ಲಿ ಶಾಲೆಯ ಸುದ್ದಿ, ಈಜು ಕ್ಲಾಸು, ಡಾಕ್ಟರ ಸಮಯ ಎಲ್ಲ ಬರುವುದು ಇಮೇಲಿಗೇ. ವಾಟ್ಸ್ಆ್ಯಪ್ ಗುಂಪಿನಲ್ಲಾದರೆ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ, ಮೂರನೇ ದಿನಕ್ಕೆ ಶುಭೋದಯದ ಚಿತ್ರಗಳ ನಡುವೆ ಪಾಠ ಕಳೆದುಹೋಗುತ್ತದೆ. ಸೇರಿದ ಮಕ್ಕಳ ಪೋಷಕರಿಗೆ ಮಾತ್ರ ಗುಂಪು ಇರಲಿ, ಹೊಸಬರನ್ನು ತಲುಪಲು ಇಮೇಲ್ ಇರಲಿ.

ಮೇಷ್ಟ್ರೇ, ತಂತ್ರಜ್ಞಾನದ ಭಾಗವನ್ನು ತಂತಿತಪಾಲು ಅವರು ಹೇಳಿದ್ದಾರೆ. ಒಂದು ವಾರಾಂತ್ಯದಲ್ಲಿ ಮುಗಿಯುವ ಕೆಲಸ ಅದು. ದುಡ್ಡು ಹುಟ್ಟುವುದು ನೀವು ಏನನ್ನು ಕೊಡುತ್ತೀರಿ ಎಂಬಲ್ಲಿ. ಅಮೆರಿಕದ ಹಲವು ಕನ್ನಡ ಕೂಟಗಳು ವಾರಾಂತ್ಯದಲ್ಲಿ ಕನ್ನಡ ಶಾಲೆ ನಡೆಸುತ್ತವೆ, ಅಲ್ಲಿ ಅ ಆ ಇ ಈ ಕಲಿಸುತ್ತಾರೆ. ಅದನ್ನೇ ನೀವು ಮಾರಲು ಹೋದರೆ ಯಾರೂ ಬರಲಾರರು. ಆ ಮನೆಗಳಲ್ಲಿರುವ ಕೊರತೆ ಬೇರೆ: ಮಗುವಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಇಂಗ್ಲಿಷ್ ಬರುತ್ತದೆ. ಊರಿನ ಅಜ್ಜಿ ಫೋನಿನಲ್ಲಿ ಏನೋ ಕೇಳುತ್ತಾರೆ, ಮಗು ‘ಹ್ಞಾಂ’ ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತದೆ. ‘12 ವಾರದಲ್ಲಿ ಅಜ್ಜಿ ತಾತನ ಜೊತೆ ಹತ್ತು ನಿಮಿಷ ಕನ್ನಡದಲ್ಲಿ ಮಾತು’ ಎಂಬ ಒಂದೇ ಗುರಿ ಇಟ್ಟುಕೊಳ್ಳಿ. ನಿಮ್ಮ ಎಲ್ಲ ಪತ್ರಗಳೂ ಅದರ ಸುತ್ತಲೇ ಇರಲಿ.

ಲೆಕ್ಕ ಹೀಗೆ ಕೂರುತ್ತದೆ. ಒಂದು ಗುಂಪಿಗೆ 5 ಮಕ್ಕಳು, ಅದಕ್ಕಿಂತ ಹೆಚ್ಚಾದರೆ ಪ್ರತಿ ಮಗುವಿಗೂ ಮಾತಾಡುವ ಸಮಯ ಸಿಗುವುದಿಲ್ಲ. ವಾರಕ್ಕೊಂದು 45 ನಿಮಿಷದ ತರಗತಿ, 12 ವಾರ, ತರಗತಿಗೆ 500ರಂತೆ ಮಗುವಿಗೆ 6,000. ಒಂದು ಗುಂಪಿಗೆ 30,000. ಎರಡು ಗುಂಪಾದರೆ ಮೂರು ತಿಂಗಳಿಗೆ 60,000, ತಿಂಗಳಿಗೆ 20,000. ಅದರಲ್ಲಿ ಖರ್ಚು, ತೆರಿಗೆ, ನಡುವೆ ಬಿಡುವಿನ ವಾರಗಳನ್ನು ಕಳೆದರೆ ನಿಮ್ಮ 12–15 ಸಾವಿರಕ್ಕೆ ಬಂದು ನಿಲ್ಲುತ್ತದೆ.

ಆದರೆ ಆ 10 ಮಕ್ಕಳು ಎಲ್ಲಿಂದ? ಲೆಕ್ಕ ಹಾಕುವಾಗ ನೂರು ವಿಳಾಸಕ್ಕೆ ಇಬ್ಬರು ಎಂದೇ ಇಟ್ಟುಕೊಳ್ಳಿ, ಹೆಚ್ಚು ಬಂದರೆ ಸಂತೋಷ. ಅಂದರೆ 500 ವಿಳಾಸ ಬೇಕು. ಮೊದಲ ಆರು ತಿಂಗಳು ಒಂದೇ ಗುಂಪು, ಅದೂ ಮೂವರೇ ಇರಬಹುದು. ಮೊದಲ ತಿಂಗಳಿಂದಲೇ 15 ಸಾವಿರ ಬರುತ್ತದೆಂದು ನಂಬಿ ಯಾವ ಕಂತನ್ನೂ ಕಟ್ಟಿಕೊಳ್ಳಬೇಡಿ.

ಪಟ್ಟಿ ಬೆಳೆಯುವ ದಾರಿ ಒಂದು ಉಪಯುಕ್ತ ಹಾಳೆ. ‘ಅಜ್ಜಿಯ ಫೋನ್: 20 ಪ್ರಶ್ನೆ, 20 ಉತ್ತರ’ ಎಂದು ಎರಡು ಪುಟದ ಪಿಡಿಎಫ್ ಮಾಡಿ. ಕನ್ನಡ ಲಿಪಿ ಬರದ ಮಗುವಿಗಾಗಿ ಪಕ್ಕದಲ್ಲೇ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಇಮೇಲ್ ಕೊಟ್ಟವರಿಗೆ ಹಾಳೆ ಹೋಗಲಿ. ಕನ್ನಡ ಕೂಟಗಳ ಪದಾಧಿಕಾರಿಗಳಿಗೆ ಬರೆದು, ಹಾಳೆಯ ಕೊಂಡಿಯನ್ನು ತಮ್ಮ ಸದಸ್ಯರಿಗೆ ತಿಳಿಸುವಿರಾ ಎಂದು ಕೇಳಿ. ಸದಸ್ಯರ ವಿಳಾಸಗಳನ್ನು ಮಾತ್ರ ಕೇಳಬೇಡಿ. ಅವರು ಕೊಟ್ಟರೂ ಆ ಜನ ನಿಮಗೆ ಒಪ್ಪಿಗೆ ಕೊಟ್ಟಂತಾಗಲಿಲ್ಲ. ನಮೂನೆಯಲ್ಲಿ ಪೋಷಕರ ಹೆಸರು, ಇಮೇಲ್ ಎರಡೇ ಸಾಕು. ಮಗುವಿನ ಹೆಸರು, ಹುಟ್ಟಿದ ದಿನ ಬೇಡ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ 18ರೊಳಗಿನವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕು, ಅಮೆರಿಕದಲ್ಲಿ 13ರೊಳಗಿನ ಮಕ್ಕಳ ವಿಷಯಕ್ಕೆ ಬೇರೆಯೇ ಕಾನೂನಿದೆ. ಹೆಸರು ಬರೆದವರಿಗೆ ಖಚಿತಪಡಿಸುವ ಪತ್ರ ಹೋಗಿ, ಅದರೊಳಗಿನ ಕೊಂಡಿ ಒತ್ತಿದ ಮೇಲೆಯೇ ಪಟ್ಟಿಗೆ ಸೇರುವಂತೆ ಇಡಿ. ತಪ್ಪು ಟೈಪಾದ ವಿಳಾಸಗಳು ಅಲ್ಲೇ ಉದುರಿಹೋಗುತ್ತವೆ.

ಪತ್ರಗಳ ಸರಣಿ: ಸೇರಿದ ಕೂಡಲೇ ಹಾಳೆ. ಮೂರನೇ ದಿನ ಒಂದು ಪ್ರಶ್ನೆ, ‘ನಿಮ್ಮ ಮನೆಯ ಕನ್ನಡ ಯಾವ ಕಡೆಯದು?’ ಇದು ಮುಖ್ಯ. ಧಾರವಾಡದ ಅಜ್ಜಿ ‘ಊಟ ಆತೇನು?’ ಎನ್ನುತ್ತಾರೆ, ಮೈಸೂರಿನವರು ‘ಊಟ ಆಯ್ತಾ?’ ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಅಜ್ಜಿಗೆ ‘ನೀನು’, ಕೆಲವು ಕಡೆ ‘ನೀವು’. ಮಗುವಿಗೆ ಅದರ ಅಜ್ಜಿಯ ಕನ್ನಡವನ್ನೇ ಕಲಿಸಬೇಕು. ಅವರು ಉತ್ತರ ಬರೆದರೆ ಇನ್ನೊಂದು ಲಾಭ: ಓದುಗರು ಉತ್ತರ ಬರೆಯುವ ವಿಳಾಸವನ್ನು ಜಿಮೇಲ್ ಬೇಕಾದವರದೆಂದು ಗುರುತಿಸುತ್ತದೆ. ಏಳನೇ ದಿನ ಒಂದು ಪುಟ್ಟ ಪಾಠ, ಹತ್ತನೇ ದಿನ ತರಗತಿಯ ವಿವರ ಮತ್ತು ಶುಲ್ಕ. ಆಮೇಲೆ ವಾರಕ್ಕೊಂದು. ನಾಲ್ಕು ಪತ್ರಗಳಲ್ಲಿ ಮೂರು ಬರೀ ಪಾಠವಾಗಿರಲಿ, ಒಂದರಲ್ಲಿ ಮಾತ್ರ ಶುಲ್ಕದ ಮಾತು.

ಸಮಯದಲ್ಲಿ ಎಡವಬೇಡಿ. ಕ್ಯಾಲಿಫೋರ್ನಿಯಾದ ಶನಿವಾರ ಸಂಜೆ 7:30 ಎಂದರೆ ಬೇಸಿಗೆಯಲ್ಲಿ ನಮಗೆ ಭಾನುವಾರ ಬೆಳಿಗ್ಗೆ 8, ಚಳಿಗಾಲದಲ್ಲಿ 9. ಅಲ್ಲಿ ಗಡಿಯಾರ ಬದಲಾಗುವುದು ಮಾರ್ಚಿನ ಎರಡನೇ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ. ಬ್ರಿಟನ್ನಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಆ ವಾರಗಳ ಮೊದಲು ಎರಡೂ ಊರಿನ ಸಮಯ ಬರೆದು ಪತ್ರ ಕಳುಹಿಸಿ. ಪಾಠಕ್ಕೆ ಗೂಗಲ್ ಮೀಟ್ ಉಚಿತದಲ್ಲಿ ಗುಂಪಿಗೆ 60 ನಿಮಿಷ ಸಿಗುತ್ತದೆ, ಜೂಮ್ ಉಚಿತದಲ್ಲಿ 40ಕ್ಕೇ ನಿಲ್ಲುತ್ತದೆ. 45 ನಿಮಿಷಕ್ಕೆ ಮೀಟ್ ಸರಿ.

---

ಜಮಾಖರ್ಚು

ತೆರಿಗೆಯ ಭಾಗ. ಪಿಂಚಣಿ ಸಂಬಳದ ತಲೆಬರಹದಲ್ಲಿ ಬರುತ್ತದೆ, ಪಾಠದ ಶುಲ್ಕ ವ್ಯವಹಾರ ಅಥವಾ ವೃತ್ತಿಯ ಆದಾಯ. ಒಂದೇ ತರಗತಿಯ ಶುಲ್ಕ ಬಂದರೂ ಪಿಂಚಣಿದಾರರು ರೂಢಿಯಂತೆ ತುಂಬುವ ಐಟಿಆರ್-1 ಎಂಬ ತೆರಿಗೆ ನಮೂನೆ ನಡೆಯುವುದಿಲ್ಲ. 3 ಅಥವಾ 4 ಬೇಕು, ಯಾವುದೆಂದು ಲೆಕ್ಕಪರಿಶೋಧಕರನ್ನು ಕೇಳಿ ನಿರ್ಧರಿಸಿ.

ಬಹಳ ಜನ ತಪ್ಪುವುದು ಇಲ್ಲಿ: 60 ದಾಟಿದವರಿಗೆ ಮುಂಗಡ ತೆರಿಗೆ ಇಲ್ಲ ಎಂಬ ವಿನಾಯಿತಿ ವ್ಯವಹಾರದ ಆದಾಯ ಇಲ್ಲದವರಿಗೆ ಮಾತ್ರ. ನಿಮಗೆ ಅದು ಹೋಗುತ್ತದೆ. ಮೂಲದಲ್ಲಿ ಕಡಿತವಾದದ್ದನ್ನು ಬಿಟ್ಟು ವರ್ಷಕ್ಕೆ 10,000 ಅಥವಾ ಹೆಚ್ಚು ತೆರಿಗೆ ಬರುವಂತಿದ್ದರೆ ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15ರ ಕಂತುಗಳಲ್ಲಿ ಕಟ್ಟಬೇಕು, ತಪ್ಪಿದರೆ ಬಡ್ಡಿ. ಪಿಂಚಣಿ ಕೊಡುವ ಬ್ಯಾಂಕಿಗೆ ನಿಮ್ಮ ಪಾಠದ ಸಂಗತಿ ತಿಳಿಯದು, ಅವರು ಅದಕ್ಕೆ ಕಡಿತ ಮಾಡಿರುವುದಿಲ್ಲ. ಹಳೆ ತೆರಿಗೆ ಪದ್ಧತಿಯಲ್ಲಿರುವವರು ಇನ್ನೊಂದು ನೋಡಿಕೊಳ್ಳಿ: ವ್ಯವಹಾರದ ಆದಾಯ ಇದ್ದವರಿಗೆ ವರ್ಷವರ್ಷವೂ ಹಳೆಯದು, ಹೊಸದು ಎಂದು ಬದಲಾಯಿಸುವ ಸ್ವಾತಂತ್ರ್ಯ ಇರುವುದಿಲ್ಲ. ಶುರು ಮಾಡುವ ಮೊದಲೇ ಇದನ್ನು ಕೂತು ಲೆಕ್ಕ ಹಾಕಿಸಿ.

ಜಿಎಸ್‌ಟಿ ಚಿಂತೆ ಬೇಡ, ಕರ್ನಾಟಕದಲ್ಲಿ ಸೇವೆಗೆ ವರ್ಷಕ್ಕೆ 20 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ.

ಹಣ ಪಡೆಯುವುದಕ್ಕೆ ಪಿಂಚಣಿ ಖಾತೆ ಬಿಟ್ಟು ಬೇರೊಂದು ಉಳಿತಾಯ ಖಾತೆ ಇಡಿ, ವರ್ಷದ ಕೊನೆಗೆ ಆ ಒಂದು ಪಾಸ್‌ಬುಕ್ಕೇ ನಿಮ್ಮ ಜಮಾ ಪುಸ್ತಕ. ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ (ಅನಿವಾಸಿ ಭಾರತೀಯರ ಇಲ್ಲಿನ ಬ್ಯಾಂಕ್ ಖಾತೆ) ಇರುವ ಪೋಷಕರು ಯುಪಿಐ ಮಾಡಬಹುದು. ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇ ಸೇರಿ ಕೆಲವು ದೇಶಗಳ ಮೊಬೈಲ್ ನಂಬರಿಗೂ ಈಗ ಯುಪಿಐ ಉಂಟು, ಅವರ ಬ್ಯಾಂಕ್ ಆ ಸೌಲಭ್ಯ ಕೊಟ್ಟಿರಬೇಕು ಅಷ್ಟೆ. ಉಳಿದವರಿಗೆ ಪೇಪಾಲ್ ಎಂಬ ಆನ್‌ಲೈನ್ ಹಣ ಪಾವತಿ ಸೇವೆ. ಅದರಲ್ಲಿ ಶುಲ್ಕವೂ ಹೋಗುತ್ತದೆ, ಡಾಲರನ್ನು ರೂಪಾಯಿ ಮಾಡುವಾಗಲೂ ಒಂದಷ್ಟು ಹೋಗುತ್ತದೆ, ಹಾಗಾಗಿ ಡಾಲರ್ ದರವನ್ನು ಸ್ವಲ್ಪ ಮೇಲಿಟ್ಟೇ ಹೇಳಿ. ಭಾರತದೊಳಗಿನವರಿಂದ ಪೇಪಾಲ್ ಮೂಲಕ ಹಣ ಪಡೆಯಲಾಗದು, 2021ರ ಏಪ್ರಿಲ್‌ನಿಂದ ಅದು ನಿಂತಿದೆ.

ಮೋಸದ ಒಂದು ಬಗೆ ಹೇಳಿಬಿಡುತ್ತೇನೆ. ‘ತಪ್ಪಿ 6,000ದ ಬದಲು 60,000 ಕಳುಹಿಸಿದ್ದೇನೆ, ಉಳಿದದ್ದನ್ನು ಬೇಗ ಮರಳಿಸಿ’ ಎಂದು ಸಂದೇಶ ಬರುತ್ತದೆ, ಜೊತೆಗೆ ಒಂದು ರಸೀದಿಯ ಚಿತ್ರ. ಚಿತ್ರ ನಂಬಬೇಡಿ, ಖಾತೆ ನೋಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

---

ಮೇಷ್ಟ್ರು_62

ಎಲ್ಲರಿಗೂ ಅನಂತ ವಂದನೆಗಳು. 999ರ ಆಸೆ ಬಿಟ್ಟೆ. ಶುಲ್ಕ ತಿಳಿಸುವ ಪತ್ರದ ಕರಡು ಬರೆದಿದ್ದೇನೆ, ತಿದ್ದಿಕೊಡಿ:

‘ವಿಷಯ: ಸುವರ್ಣಾವಕಾಶ!!! ವಿದೇಶಿ ಕನ್ನಡಿಗರ ಮಕ್ಕಳಿಗೆ ಆನ್‌ಲೈನ್ ಕನ್ನಡ ತರಗತಿಗಳು – ಈಗಲೇ ನೋಂದಾಯಿಸಿ

ಮಾನ್ಯರೇ, ಕನ್ನಡ ಭಾಷೆಗೆ ಎರಡು ಸಾವಿರ ವರ್ಷಗಳ ಭವ್ಯ ಇತಿಹಾಸವಿದೆ. ಇಂತಹ ಭಾಷೆಯನ್ನು ಮುಂದಿನ ಪೀಳಿಗೆಗೆ ದಾಟಿಸುವುದು ನಮ್ಮೆಲ್ಲರ ಆದ್ಯ ಕರ್ತವ್ಯವಾಗಿದ್ದು, ಆಸಕ್ತರು ಕೆಳಗಿನ ಸಂಖ್ಯೆಗೆ ಸಂಪರ್ಕಿಸತಕ್ಕದ್ದು.’

ಪೂರ್ತಿ ಪತ್ರ ಒಂದು ಚಿತ್ರವಾಗಿ, ಹೂವಿನ ಅಂಚು ಹಾಕಿ ಮಾಡಿಸಿದ್ದೇನೆ.

---

ಅಕ್ಷರಮಾಲೆ

ಮೇಷ್ಟ್ರೇ, ತರಗತಿಯಲ್ಲಿ ನೀವು ಹೀಗೆ ಮಾತಾಡುವುದಿಲ್ಲ ಎಂದು ನನಗೆ ಗೊತ್ತು. ಇದು ಸುತ್ತೋಲೆಯ ಕನ್ನಡ. ವಿಷಯದ ಸಾಲು ಫೋನಿನಲ್ಲಿ ಕಾಣುವುದು ಮೊದಲ ನಾಲ್ಕೈದು ಪದ ಮಾತ್ರ, ನಿಮ್ಮದರಲ್ಲಿ ‘ಸುವರ್ಣಾವಕಾಶ!!! ವಿದೇಶಿ ಕನ್ನಡಿಗರ’ ಎಂಬಲ್ಲಿಗೇ ಮುಗಿಯುತ್ತದೆ, ಅದು ಯಾವ ಜಾಹೀರಾತಾದರೂ ಆಗಬಹುದು. ಹೀಗಿಟ್ಟು ನೋಡಿ:

‘ವಿಷಯ: ಅಜ್ಜಿಯ ಜೊತೆ ಹತ್ತು ನಿಮಿಷ

ನಮಸ್ಕಾರ. ಕಳೆದ ವಾರದ ಹಾಳೆಯಿಂದ “ಊಟ ಆಯ್ತಾ?” ಕೇಳಿಸಿ ನೋಡಿದಿರಾ? ಅಜ್ಜಿ “ಆಯ್ತು ಕಂದ, ನಿಂದು?” ಎಂದಾಗ ಮಗು ನಿಂತುಬಿಟ್ಟರೆ ಚಿಂತೆ ಮಾಡಬೇಡಿ. ಪ್ರಶ್ನೆ ಕಲಿಯುವುದು ಸುಲಭ, ಮಾತು ಮುಂದುವರಿಸುವುದಕ್ಕೆ ಅಭ್ಯಾಸ ಬೇಕು. ಅದಕ್ಕೆಂದೇ 12 ವಾರದ ತರಗತಿ ಶುರು ಮಾಡುತ್ತಿದ್ದೇನೆ. ಐದೇ ಮಕ್ಕಳು, ನಿಮ್ಮ ಶನಿವಾರ ಸಂಜೆ 7:30ಕ್ಕೆ, 45 ನಿಮಿಷ. ಶುಲ್ಕ 6,000 ರೂಪಾಯಿ. ಮೊದಲ ತರಗತಿ ನೋಡಿ ಇಷ್ಟವಾಗದಿದ್ದರೆ ಪೂರ್ತಿ ಹಣ ಮರಳಿಸುತ್ತೇನೆ. ಸೇರಿಸಬೇಕೆಂದರೆ ಈ ಪತ್ರಕ್ಕೆ “ಹೌದು” ಎಂದು ಉತ್ತರಿಸಿ.’

ಒಂದು ಪತ್ರ, ಒಂದೇ ಕೋರಿಕೆ. ಫೋನ್ ನಂಬರ್, ನಮೂನೆ, ಕೊಂಡಿ ಎಲ್ಲ ಕೊಟ್ಟರೆ ಆಮೇಲೆ ನೋಡೋಣ ಎಂದು ಮುಚ್ಚಿಬಿಡುತ್ತಾರೆ.

---

ತಂತಿತಪಾಲು

ಚಿತ್ರದ ವಿಷಯ ನಾನು ಹೇಳುತ್ತೇನೆ. ಇಡೀ ಪತ್ರ ಚಿತ್ರವಾಗಿದ್ದರೆ ಸ್ಪ್ಯಾಮ್ ಜರಡಿಗೆ ಓದಲು ಅಕ್ಷರವೇ ಸಿಗುವುದಿಲ್ಲ, ಅನುಮಾನ ಪಡುತ್ತದೆ. ಚಿತ್ರ ತೆರೆಯದಂತೆ ಇಟ್ಟುಕೊಂಡವರಿಗೆ ಖಾಲಿ ಚೌಕ ಕಾಣುತ್ತದೆ. ಹೂವಿನ ಅಂಚು ಬಿಡಿ, ಬರೀ ಅಕ್ಷರ ಇರಲಿ.

ಆದರೆ ಅಕ್ಷರಕ್ಕೂ ತೂಕವಿದೆ. ಜಿಮೇಲ್ 102 ಕೆಬಿ ದಾಟಿದ ಪತ್ರದ ಬಾಲ ಕತ್ತರಿಸಿ ಮರೆಮಾಡುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಯುನಿಕೋಡ್ ಕನ್ನಡದ ಪ್ರತಿ ಚಿಹ್ನೆಗೆ ಮೂರು. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಒಳಗೆ ಅದು ಸ, ವಿರಾಮ (ಒತ್ತಕ್ಷರ ಮಾಡುವ ಗುರುತು), ತ, ವಿರಾಮ, ರ, ದೀರ್ಘ ಈಕಾರ ಎಂದು ಆರು ಚಿಹ್ನೆ, 18 ಬೈಟ್. ನೀವು ಟೈಪ್ ಮಾಡಿದ ಪತ್ರ ಇದರಿಂದ ದಾಟುವುದಿಲ್ಲ. ವರ್ಡ್‌ನಿಂದ ನೇರ ಅಂಟಿಸಿದಾಗ ಅದರ ಹಿಂದೆ ಬರುವ ಅಲಂಕಾರದ ಸಂಕೇತಗಳು ಸೇರಿ ದಾಟುತ್ತದೆ. ಆಗ ಕತ್ತರಿಯಾಗುವುದು ಕೊನೆಯಲ್ಲಿರುವ ‘ಪಟ್ಟಿಯಿಂದ ಹೊರಬನ್ನಿ’ ಕೊಂಡಿ. ಅದು ಕಾಣದವರು ಸ್ಪ್ಯಾಮ್ ಒತ್ತುತ್ತಾರೆ, ಶೇ. 0.3ರ ಲೆಕ್ಕ ಅಲ್ಲಿಂದ ಶುರು. ವರ್ಡ್‌ನಿಂದ ತರುವಾಗ ಮೊದಲು ನೋಟ್‌ಪ್ಯಾಡಿಗೆ ಅಂಟಿಸಿ, ಅಲ್ಲಿಂದ ಎತ್ತಿ. ಹೊರಬರುವ ಕೊಂಡಿಯನ್ನು ಮೇಲೂ ಒಮ್ಮೆ ಹಾಕಿದರೆ ಇನ್ನೂ ಒಳ್ಳೆಯದು. ಕೊನೆಯಲ್ಲಿ ನಿಮ್ಮ ಅಂಚೆ ವಿಳಾಸ ಇರಲಿ, ಅಮೆರಿಕದ ಓದುಗರಿಗೆ ಕಳುಹಿಸುವ ಜಾಹೀರಾತು ಪತ್ರದಲ್ಲಿ ಅದು ಅಲ್ಲಿನ ಕಾನೂನಿನ ಪ್ರಕಾರ ಕಡ್ಡಾಯ. ಮನೆ ವಿಳಾಸ ಬೇಡವೆಂದರೆ ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಪಡೆಯಬಹುದು.

‘ಎಷ್ಟು ಜನ ತೆರೆದರು’ ಎಂದು ಸೇವೆ ತೋರಿಸುವ ಸಂಖ್ಯೆಯನ್ನು ನಂಬಿ ಕೂರಬೇಡಿ. 2021ರಿಂದ ಆ್ಯಪಲ್ ಮೇಲ್ ಓದುಗರು ತೆರೆಯದಿದ್ದರೂ ತೆರೆದಂತೆ ತೋರಿಸುತ್ತದೆ. ಕೊಂಡಿ ಒತ್ತಿದವರು, ಉತ್ತರ ಬರೆದವರು ಎಷ್ಟು ಎಂದು ನೋಡಿ. ಆರು ತಿಂಗಳು ಎರಡೂ ಮಾಡದವರಿಗೆ ‘ಇನ್ನೂ ಕಳುಹಿಸಲೇ?’ ಎಂದು ಒಂದು ಪತ್ರ ಬರೆಯಿರಿ. ಎರಡು ವಾರ ಮೌನವಾದರೆ ಹೆಸರು ತೆಗೆಯಿರಿ.

---

ಮೇಷ್ಟ್ರು_62

ಡೊಮೇನ್ ಕೊಂಡೆ. ‘ಶೋ ಒರಿಜಿನಲ್’ನಲ್ಲಿ ಎಸ್‌ಪಿಎಫ್, ಡಿಮಾರ್ಕ್ ಪಾಸ್, ಡಿಕಿಮ್ ಮಾತ್ರ ಫೇಲ್ ಎನ್ನುತ್ತಿದೆ.

---

ತಂತಿತಪಾಲು

ಡಿಎನ್ಎಸ್ ಪುಟದಲ್ಲಿ ಡಿಕಿಮ್ ಸಾಲಿನ ಹೆಸರು ನೋಡಿ, ಕೊನೆಯಲ್ಲಿ ನಿಮ್ಮ ಡೊಮೇನ್ ಎರಡು ಸಲ ಬಂದಿರಬೇಕು. ಒಂದನ್ನು ಅಳಿಸಿ, ಉಳಿಸಿ, ಒಂದೆರಡು ಗಂಟೆ ಬಿಟ್ಟು ಮತ್ತೆ ನಿಮಗೇ ಒಂದು ಪತ್ರ ಕಳುಹಿಸಿಕೊಳ್ಳಿ.